ಮೊದಲು ಬೀರುವಿನ ಬಾಗಿಲು, ಆಮೇಲೆ ತಂತ್ರದ ಹೆಸರು: ಮಕ್ಕಳ ಫ್ಯಾಂಟಸಿ ಕಾದಂಬರಿಯ ಬಗ್ಗೆ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

"ಈ ಕಾದಂಬರಿಯ ಸಾಹಿತ್ಯ ತಂತ್ರಗಳನ್ನೂ ಪಾತ್ರಚಿತ್ರಣವನ್ನೂ ಚರ್ಚಿಸಿ." ಈ ಪ್ರಶ್ನೆ ನೋಡಿದ ಕೂಡಲೇ ಬಹಳ ಜನ ಒಂದೇ ಥರ ಬರೆಯುತ್ತಾರೆ. ಮೊದಲ ಎರಡು ಪುಟ ಕಥೆ. ಮೂರನೇ ಪುಟದಲ್ಲಿ "ಲೂಸಿ ಮುಗ್ಧೆ, ಪೀಟರ್ ಧೈರ್ಯವಂತ, ಎಡ್ಮಂಡ್ ಮೊದಲು ಕೆಟ್ಟವನು, ಆಮೇಲೆ ಒಳ್ಳೆಯವನಾದ" ಅಂತ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್. ಕೊನೆಗೆ ರೂಪಕ, ಉಪಮೆ, ಸಂಕೇತ ಅಂತ ಒಂದು ಪಟ್ಟಿ. ಹೀಗೆ ಮೂರು ತುಂಡು. ಒಂದು ತುಂಡಿಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ.

ಪುಸ್ತಕ ಅರ್ಥವಾಗದೆ ಹೀಗಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ತಂತ್ರದ ಹೆಸರನ್ನು ಮೊದಲು ಹಿಡಿದುಕೊಂಡು, ಅದಕ್ಕೆ ಹೊಂದುವ ಉದಾಹರಣೆಯನ್ನು ಆಮೇಲೆ ಹುಡುಕುತ್ತೇವೆ. ಇಲ್ಲಿ ಅದನ್ನು ತಿರುಗಿಸಿ ಮಾಡೋಣ. ಮೊದಲು ವಸ್ತು. ಆಮೇಲೆ ಆ ವಸ್ತುವಿನ ಜೊತೆ ಪಾತ್ರ ನಡೆದುಕೊಳ್ಳುವ ರೀತಿ. ತಂತ್ರದ ಹೆಸರು ಕಟ್ಟಕಡೆಗೆ.

ಉದಾಹರಣೆಗೆ ಒಂದೇ ಪುಸ್ತಕ ಇಟ್ಟುಕೊಳ್ಳುತ್ತೇನೆ: ಸಿ. ಎಸ್. ಲೂಯಿಸ್ ಬರೆದ, 1950ರಲ್ಲಿ ಬಂದ 'ದ ಲಯನ್, ದ ವಿಚ್ ಆ್ಯಂಡ್ ದ ವಾರ್ಡ್‌ರೋಬ್'. ಕಥೆ ಇಷ್ಟು. ಯುದ್ಧದ ಬಾಂಬ್ ದಾಳಿಗೆ ಹೆದರಿ ಲಂಡನ್‌ನಿಂದ ಹಳ್ಳಿಯ ಪ್ರೊಫೆಸರ್ ಮನೆಗೆ ಕಳಿಸಿದ ನಾಲ್ವರು ಅಣ್ಣ-ತಮ್ಮ, ಅಕ್ಕ-ತಂಗಿಯರು (ಪೀಟರ್, ಸೂಸನ್, ಎಡ್ಮಂಡ್, ಲೂಸಿ) ಒಂದು ಬಟ್ಟೆ ಬೀರುವಿನೊಳಗಿಂದ ನಾರ್ನಿಯಾ ಎಂಬ ಲೋಕಕ್ಕೆ ಹೋಗುತ್ತಾರೆ. ಅಲ್ಲಿ ಬಿಳಿ ಮಾಟಗಾತಿಯ ಆಳ್ವಿಕೆ. ಯಾವಾಗಲೂ ಚಳಿಗಾಲ, ಆದರೆ ಕ್ರಿಸ್‌ಮಸ್ ಮಾತ್ರ ಬರುವುದೇ ಇಲ್ಲ. ಆಸ್ಲಾನ್ ಎಂಬ ಸಿಂಹ ಬಂದ ಮೇಲೆ ಅವಳ ಆಟ ಮುಗಿಯುತ್ತದೆ. ನಿಮ್ಮ ಉತ್ತರದಲ್ಲೂ ಕಥೆ ಇಷ್ಟೇ ಇರಲಿ. ಇದಕ್ಕಿಂತ ಒಂದು ಸಾಲು ಜಾಸ್ತಿಯಾದರೂ ನೀವು ದಾರಿ ತಪ್ಪುತ್ತಿದ್ದೀರಿ.

ಏನೇನು ಬೇಕು

ಪುಸ್ತಕದ ಒಂದು ಪ್ರತಿ ಮತ್ತು ಪೆನ್ಸಿಲ್. ಲೈಬ್ರರಿ ಪ್ರತಿಯಾದರೆ ಸಣ್ಣ ಚೀಟಿಗಳು. ಒಂದು ನೋಟ್‌ಬುಕ್, ಅದರಲ್ಲಿ ಪುಟಕ್ಕೆ ನಾಲ್ಕು ಕಾಲಂ ಎಳೆದಿರಬೇಕು: ಅಧ್ಯಾಯ, ವಸ್ತು, ಯಾರು ಏನು ಮಾಡಿದರು, ಹೆಸರು. ನಾಲ್ಕನೆಯ ಕಾಲಂ ಸದ್ಯಕ್ಕೆ ಖಾಲಿ ಇರಲಿ. ಕೈ ತುರಿಸಿದರೂ ತುಂಬಬೇಡಿ.

ಸಿನಿಮಾ ನೋಡಿದ್ದೇನೆ, ಸಾಕು ಅನ್ನುವವರಿಗೆ ಒಂದು ಮಾತು. 2005ರ ಸಿನಿಮಾ ಲಂಡನ್ ಮೇಲಿನ ಬಾಂಬ್ ದಾಳಿಯನ್ನು ತೋರಿಸುತ್ತಲೇ ಶುರುವಾಗುತ್ತದೆ. ಪುಸ್ತಕ ಅದನ್ನು ಶುರುವಿನಲ್ಲೇ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತದೆ. ಬಾಂಬ್ ಬೀಳುವ ದೃಶ್ಯವನ್ನು ಪುಸ್ತಕದ ತಂತ್ರ ಅಂತ ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ಹಂತ 1: ಒಂದು ಸಲ ಸುಮ್ನೆ ಓದಿ

ಪೆನ್ಸಿಲ್ ಮುಟ್ಟಬೇಡಿ. ಇರುವುದು 17 ಅಧ್ಯಾಯ, ಎರಡು ಮೂರು ಸಂಜೆಯ ಕೆಲಸ. ಮೊದಲ ಓದಿನಲ್ಲೇ ಗುರುತು ಹಾಕಲು ಹೋದರೆ ಎಲ್ಲವೂ ಮುಖ್ಯ ಅನ್ನಿಸಿ ಅರ್ಧ ಪುಸ್ತಕಕ್ಕೆ ಗೆರೆ ಬೀಳುತ್ತದೆ.

ಹಂತ 2: ಎರಡನೇ ಓದಿನಲ್ಲಿ ವಸ್ತುಗಳನ್ನು ಬರೆದುಕೊಳ್ಳಿ

ಈಗ ಪೆನ್ಸಿಲ್ ಹಿಡಿಯಿರಿ. ಭಾವನೆ, ನೀತಿ, ಸಂದೇಶ ಯಾವುದೂ ಬೇಡ. ಕೈಗೆ ಸಿಗುವ ವಸ್ತುಗಳು ಮಾತ್ರ: ಬಾಗಿಲು, ಕೋಟು, ಕರವಸ್ತ್ರ, ಮಿಠಾಯಿ, ಪೆನ್ಸಿಲ್ ತುಂಡು, ಕಲ್ಲಿನ ಗೊಂಬೆ.

ಎಲ್ಲ ವಸ್ತುವೂ ಬೇಕಾಗಿಲ್ಲ. ಎರಡು ಗುರುತು ನೋಡಿ. ಒಂದು, ಅದು ಮತ್ತೆ ಬರುತ್ತದೆಯೇ? ಇನ್ನೊಂದು, ಕಥೆ ಹೇಳುವವನು ಅದಕ್ಕಾಗಿ ನಿಂತು ಒಂದು ಮಾತು ಸೇರಿಸುತ್ತಾನೆಯೇ? ಎರಡರಲ್ಲಿ ಒಂದಿದ್ದರೂ ಬರೆದುಕೊಳ್ಳಿ. ಎರಡೂ ಇದ್ದರೆ ಸುತ್ತ ವೃತ್ತ ಹಾಕಿ. ಕೊನೆಗೆ ಹದಿನೈದಕ್ಕಿಂತ ಜಾಸ್ತಿ ಸಾಲು ಉಳಿದಿದ್ದರೆ ಜರಡಿ ಸರಿಯಾಗಿ ಹಿಡಿದಿಲ್ಲ ಎಂದರ್ಥ.

ಹಂತ 3: ಒಂದೇ ವಸ್ತು, ಬೇರೆ ಬೇರೆ ಕೈ

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಇದನ್ನು ಬಿಟ್ಟವರ ಉತ್ತರವೇ ಸರ್ಟಿಫಿಕೇಟ್ ಆಗುವುದು.

ಬೀರುವಿನ ಬಾಗಿಲು ತೆಗೆದುಕೊಳ್ಳಿ. ಮೊದಲ ಅಧ್ಯಾಯದಲ್ಲಿ ಲೂಸಿ ಒಳಗೆ ಹೋಗುತ್ತಾಳೆ, ಆದರೆ ಬಾಗಿಲು ತೆರೆದೇ ಇಟ್ಟಿರುತ್ತಾಳೆ. ಬೀರುವಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದು ಪೆದ್ದುತನ ಅಂತ ಅವಳಿಗೆ ಗೊತ್ತು ಎಂದು ನಿರೂಪಕ ಹೇಳುತ್ತಾನೆ. ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಮೊದಲ ಸಲ ಓದುವಾಗ ಮಕ್ಕಳಿಗೆ ಹೇಳುವ ಬುದ್ಧಿವಾದ ಅನ್ನಿಸುತ್ತದೆ. ಮಕ್ಕಳ ಪುಸ್ತಕ ಅಲ್ವಾ, ಎಲ್ಲಿ ಯಾವ ಮಗು ಬೀರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಂತ ಎಚ್ಚರಿಕೆ ಕೊಟ್ಟಿರಬೇಕು ಅಂದುಕೊಳ್ಳುತ್ತೇವೆ.

ಮೂರನೇ ಅಧ್ಯಾಯಕ್ಕೆ ಬನ್ನಿ. ಕಣ್ಣಾಮುಚ್ಚಾಲೆ ಆಟ. ಲೂಸಿ ಬೀರುವಿನೊಳಗೆ ಹೋಗುವುದನ್ನು ಎಡ್ಮಂಡ್ ನೋಡುತ್ತಾನೆ. ತಂಗಿಯ ಕಾಲೆಳೆಯಬೇಕು ಅಂತ ಹಿಂದೆಯೇ ನುಗ್ಗಿ ಬಾಗಿಲು ಮುಚ್ಚಿಬಿಡುತ್ತಾನೆ. ಒಳಗೆ ಕತ್ತಲು. ಎದುರಿಗೆ ಬೆಳಕು ಕಂಡಾಗ ಬಾಗಿಲೇ ತಾನಾಗಿ ತೆರೆದುಕೊಂಡಿರಬೇಕು ಅಂದುಕೊಂಡು ಅತ್ತ ನಡೆಯುತ್ತಾನೆ. ಅದು ಬಾಗಿಲಲ್ಲ, ನಾರ್ನಿಯಾದ ಕಾಡು. ಐದನೇ ಅಧ್ಯಾಯದ ಕೊನೆಗೆ ನಾಲ್ವರೂ ಬೀರುವಿನೊಳಗೆ ಅಡಗುವಾಗ ಪೀಟರ್ ಬಾಗಿಲನ್ನು ಎಳೆದು ಹಿಡಿದುಕೊಳ್ಳುತ್ತಾನೆ, ಪೂರ್ತಿ ಮುಚ್ಚುವುದಿಲ್ಲ.

ಈಗ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಲೂಸಿ ತೆರೆದಿಟ್ಟಳು, ಎಡ್ಮಂಡ್ ಮುಚ್ಚಿದ, ಪೀಟರ್ ಹಿಡಿದುಕೊಂಡ. "ಲೂಸಿ ಎಚ್ಚರದ ಹುಡುಗಿ" ಅಂತ ಲೇಖಕರು ಎಲ್ಲೂ ಹೇಳಬೇಕಾಗಲಿಲ್ಲ, ಆ ಕೆಲಸವನ್ನು ಬಾಗಿಲು ಮಾಡಿದೆ. ನೀವು ಮಾಡಬೇಕಾದದ್ದು ಇದನ್ನು ಗಮನಿಸಿ ಬರೆಯುವುದು.

ವಸ್ತುವಿನ ಬದಲು ಒಂದು ಹೆಸರೂ ಇದೇ ಕೆಲಸ ಮಾಡಬಹುದು. ಏಳನೇ ಅಧ್ಯಾಯದಲ್ಲಿ ಬೀವರ್ (ನಾರ್ನಿಯಾದ ಮಾತಾಡುವ ಪ್ರಾಣಿಗಳಲ್ಲಿ ಒಂದು) ಮೊದಲ ಸಲ ಆಸ್ಲಾನ್ ಹೆಸರು ಎತ್ತುತ್ತಾನೆ. ಆಸ್ಲಾನ್ ಯಾರು ಅಂತ ಮಕ್ಕಳಿಗೆ ಇನ್ನೂ ಗೊತ್ತಿಲ್ಲ. ಆದರೂ ಹೆಸರು ಕಿವಿಗೆ ಬಿದ್ದ ಕೂಡಲೇ ಎಡ್ಮಂಡ್‌ಗೆ ಏನೋ ಭಯ. ಪೀಟರ್‌ಗೆ ಧೈರ್ಯ, ಏನಾದರೂ ಸಾಹಸ ಮಾಡಬೇಕು ಅನ್ನಿಸುತ್ತದೆ. ಸೂಸನ್‌ಗೆ ಒಳ್ಳೆಯ ಪರಿಮಳವೋ ಸಂಗೀತವೋ ಪಕ್ಕದಲ್ಲೇ ಹಾದುಹೋದ ಹಾಗೆ. ಲೂಸಿಗೆ ಬೆಳಗ್ಗೆ ಎದ್ದಾಗ "ಇವತ್ತಿನಿಂದ ರಜೆ" ಅಂತ ನೆನಪಾದ ಹಾಗೆ. ಶಬ್ದ ಒಂದು, ಎದೆ ನಾಲ್ಕು. ನಾಲ್ಕು ಪಾತ್ರಗಳ ವಿವರಣೆ ಒಂದೇ ಪ್ಯಾರಾದಲ್ಲಿ ಮುಗಿದುಹೋಯಿತು! ಈ ಭಾಗವನ್ನು ಬಿಟ್ಟು ಪಾತ್ರಚಿತ್ರಣದ ಬಗ್ಗೆ ಬರೆದವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಸಾಮಾನ್ಯ ತಪ್ಪು: ಪಾತ್ರ ಆಡಿದ ಮಾತನ್ನಷ್ಟೇ ಹೆಕ್ಕುವುದು. ಪಾತ್ರಗಳು ಸುಳ್ಳು ಹೇಳುತ್ತವೆ, ಮಕ್ಕಳ ಪುಸ್ತಕದಲ್ಲೂ. ನಾರ್ನಿಯಾ ನೋಡಿ ಬಂದ ಎಡ್ಮಂಡ್ ಅಣ್ಣ ಅಕ್ಕನ ಮುಂದೆ "ಸುಮ್ನೆ ಆಟ ಆಡುತ್ತಿದ್ದೆವು" ಅನ್ನುತ್ತಾನೆ. ಆರನೇ ಅಧ್ಯಾಯದಲ್ಲಿ ಎಲ್ಲರೂ ಒಳಗೆ ಹೋದಾಗ, ದೀಪದ ಕಂಬಕ್ಕೆ ಹೋಗಬೇಕಾದರೆ ಸ್ವಲ್ಪ ಎಡಕ್ಕೆ ತಿರುಗಬೇಕಲ್ಲವೇ ಅಂತ ಅವನ ಬಾಯಿ ತಪ್ಪುತ್ತದೆ. ದಾರಿ ಗೊತ್ತಿದೆ ಅಂದರೆ ಮೊದಲೇ ಬಂದಿದ್ದ ಅಂತಾಯಿತು. ಸುಳ್ಳು ಹೇಳಿದ ಮಾತು, ಬಾಯಿ ತಪ್ಪಿ ಬಂದ ಮಾತು, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ.

ಹಂತ 4: ಜೋಡಿ ದೃಶ್ಯಗಳನ್ನು ಪಕ್ಕದಲ್ಲಿಡಿ

ಒಳ್ಳೆಯ ಲೇಖಕರು ಒಂದೇ ಥರದ ದೃಶ್ಯವನ್ನು ಬದಲಾಯಿಸಿ ಬದಲಾಯಿಸಿ ತರುತ್ತಾರೆ. ಈ ಪುಸ್ತಕದಲ್ಲಿ ಹುಡುಕಲು ಸುಲಭವಾದದ್ದು ಊಟ. ಮೂರು ಊಟ ತೆಗೆದುಕೊಳ್ಳೋಣ.

ಮೊದಲನೆಯದು, ಮೇಲರ್ಧ ಮನುಷ್ಯ ಕೆಳಗರ್ಧ ಮೇಕೆಯಾದ ಟಮ್ನಸ್ ಮನೆಯಲ್ಲಿ ಲೂಸಿಗೆ ಸಿಗುವ ಚಹಾ: ಬೇಯಿಸಿದ ಮೊಟ್ಟೆ, ಟೋಸ್ಟ್, ಜೇನು, ಕೇಕ್. ಎರಡನೆಯದು, ಮಾಟಗಾತಿ ಹಿಮಗಾಡಿಯಲ್ಲಿ ಕೂರಿಸಿಕೊಂಡು ಎಡ್ಮಂಡ್‌ಗೆ ಕೊಡುವ ಟರ್ಕಿಶ್ ಡಿಲೈಟ್ ಎಂಬ ಮಿಠಾಯಿ. ಮೂರನೆಯದು, ಬೀವರ್ ದಂಪತಿಯ ಮನೆಯಲ್ಲಿ ಎಲ್ಲರೂ ಸೇರಿ ತಿನ್ನುವ ಮೀನು, ಆಲೂಗಡ್ಡೆ.

ಮೊದಲ ಎರಡನ್ನು ಹೋಲಿಸಿ. ಎರಡರಲ್ಲೂ ಊಟ ಕೊಡುವವರ ಮನಸ್ಸಿನಲ್ಲಿ ಮೋಸವಿದೆ. ಟಮ್ನಸ್ ಕೂಡ ಮಾಟಗಾತಿಯ ಸಂಬಳದವನೇ. ಸಿಕ್ಕ ಮನುಷ್ಯರ ಮಗುವನ್ನು ಅವಳಿಗೆ ಒಪ್ಪಿಸಬೇಕಾದವನು. ಆದರೆ ಅವನು ತಡೆಯಲಾರದೆ ಅತ್ತು ಎಲ್ಲವನ್ನೂ ಹೇಳಿಬಿಡುತ್ತಾನೆ. ಮಾಟಗಾತಿ ಮೊದಲು ಗದರುತ್ತಾಳೆ, ಮಂತ್ರದಂಡ ಎತ್ತುತ್ತಾಳೆ, ಮನಸ್ಸು ಬದಲಾದ ಕೂಡಲೇ ದನಿ ಮೆತ್ತಗೆ ಮಾಡಿಕೊಳ್ಳುತ್ತಾಳೆ. ಲೂಸಿಯ ಊಟದಲ್ಲಿ ಊಟ ಕೊಟ್ಟವನು ಬಾಯಿಬಿಟ್ಟ. ಎಡ್ಮಂಡ್‌ನ ಊಟದಲ್ಲಿ ತಿಂದವನು ಬಾಯಿಬಿಟ್ಟ: ಎಷ್ಟು ಜನ ಒಡಹುಟ್ಟಿದವರು, ತಂಗಿ ಯಾರನ್ನು ನೋಡಿದ್ದಳು, ಎಲ್ಲವನ್ನೂ ಬಾಯಿತುಂಬ ಮಿಠಾಯಿ ಇಟ್ಟುಕೊಂಡೇ ಹೇಳಿದ. ಮುಂದೆ ಟಮ್ನಸ್ ಸೆರೆಯಾಗುವುದು ಇದರಿಂದಲೇ.

ಮೂರನೆಯ ಊಟದಲ್ಲಿ ಎಡ್ಮಂಡ್‌ಗೆ ರುಚಿಯೇ ಹತ್ತುವುದಿಲ್ಲ. ಮನಸ್ಸೆಲ್ಲ ಆ ಮಿಠಾಯಿಯ ಮೇಲೆ. ಮತ್ತೆ ಮಾಟಗಾತಿಯ ಮನೆಗೇ ಹೋಗಿ ಅದನ್ನು ಕೇಳಿದಾಗ ಸಿಗುವುದು ನೀರು ಮತ್ತು ಒಣ ಬ್ರೆಡ್.

ಇಲ್ಲಿ ಒಂದು ಹೊರಗಿನ ಸಂಗತಿ ಕೆಲಸಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಯುದ್ಧದ ಕಾಲದಲ್ಲಿ ಮಿಠಾಯಿಗೂ ರೇಷನ್ ಇತ್ತು. ಅದು ಪೂರ್ತಿ ತೆಗೆದದ್ದು 1953ರಲ್ಲಿ. ಪುಸ್ತಕವನ್ನು ಮೊದಲು ಓದಿದ ಮಕ್ಕಳಿಗೆ ಡಬ್ಬಿ ತುಂಬ ಮಿಠಾಯಿ ಎಂದರೆ ಎಷ್ಟು ದೊಡ್ಡ ಆಸೆ ಅಂತ ಊಹಿಸಿ. ಎಡ್ಮಂಡ್ ಒಂದು ಮಿಠಾಯಿಗೆ ಮನೆಯವರನ್ನೇ ಬಿಟ್ಟುಕೊಟ್ಟನೇ ಅಂತ ನಗುವವರಿಗೆ ಇದನ್ನು ಹೇಳಬಹುದು. ಆದರೆ ಒಂದೇ ಸಾಲಿನಲ್ಲಿ ಹೇಳಿ. ರೇಷನ್ ಬಗ್ಗೆ ಒಂದು ಪುಟ ಬರೆದರೆ ಅದು ಇತಿಹಾಸದ ಉತ್ತರವಾಗುತ್ತದೆ.

ಹಂತ 5: ಒಂದು ಪಾತ್ರವನ್ನು ಹಿಡಿದು ಕೊನೆಯವರೆಗೆ ಹೋಗಿ

ನಾಲ್ಕೂ ಮಕ್ಕಳ ಬಗ್ಗೆ ಸಮನಾಗಿ ಬರೆಯಲು ಹೋಗಬೇಡಿ. ಹೆಚ್ಚು ಬದಲಾಗುವ ಒಬ್ಬರನ್ನು ಆರಿಸಿಕೊಳ್ಳಿ. ಇಲ್ಲಿ ಅದು ಎಡ್ಮಂಡ್. ಅಧ್ಯಾಯದ ಅಂಕಿ ಹಾಕಿ ಒಂದು ಗೆರೆ ಎಳೆಯಿರಿ.

ಬೀವರ್ ಮನೆಯಿಂದ ಕದ್ದು ಹೊರಡುವಾಗ ಅವನು ಕೋಟು ಬಿಟ್ಟು ಬಂದಿರುತ್ತಾನೆ. ಹಿಮದಲ್ಲಿ ನಡುಗುತ್ತಾ, ಮಾಟಗಾತಿ ಆಸೆ ತೋರಿಸಿದ ಹಾಗೆ ತಾನು ರಾಜನಾದ ಮೇಲೆ ಒಳ್ಳೆಯ ರಸ್ತೆ ಮಾಡಿಸಬೇಕು, ಕಾರುಗಳಿರಬೇಕು, ಸ್ವಂತ ಸಿನಿಮಾ ಮಂದಿರ ಇರಬೇಕು ಅಂತ ಲೆಕ್ಕ ಹಾಕುತ್ತಾನೆ. ಮಾಟಗಾತಿಯ ಅಂಗಳದಲ್ಲಿ ಅವಳ ಮಂತ್ರದಿಂದ ಕಲ್ಲಾದ ಸಿಂಹವೊಂದನ್ನು ಕಂಡು ಅದೇ ಆಸ್ಲಾನ್ ಅಂದುಕೊಂಡು, ಜೇಬಿನ ಪೆನ್ಸಿಲ್ ತುಂಡಿನಿಂದ ಮೀಸೆ, ಕನ್ನಡಕ ಬರೆಯುತ್ತಾನೆ. ಹಾಗೆ ಮಾಡಿಯೂ ಖುಷಿ ಸಿಗುವುದಿಲ್ಲ. ಹೆದರಿದ ಹುಡುಗ ಗೇಲಿ ಮಾಡುವುದು ಹೇಗೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಹೊಳೆಯುವುದಿಲ್ಲ.

ಅವನ ಮನಸ್ಸು ತಿರುಗುವುದು ಎಲ್ಲಿ? ಹೆಚ್ಚಿನವರು ಆಸ್ಲಾನ್ ಜೊತೆ ಮಾತಾಡಿದ ಮೇಲೆ ಅಂತ ಬರೆಯುತ್ತಾರೆ. ಇದು ತಪ್ಪು, ಅದೂ ಅಂಕ ಹೋಗುವ ತಪ್ಪು. ಹನ್ನೊಂದನೇ ಅಧ್ಯಾಯ ನೋಡಿ. ಕಾಡಿನಲ್ಲಿ ಅಳಿಲು, ನರಿ ಎಲ್ಲ ಸೇರಿ ಕ್ರಿಸ್‌ಮಸ್ ಊಟ ಮಾಡುತ್ತಿರುತ್ತವೆ. ಮಾಟಗಾತಿ ಅವುಗಳನ್ನು ಕಲ್ಲು ಮಾಡಿಬಿಡುತ್ತಾಳೆ. ಈ ಕಥೆಯಲ್ಲಿ ಮೊದಲ ಸಲ ಎಡ್ಮಂಡ್‌ಗೆ ತನ್ನನ್ನು ಬಿಟ್ಟು ಬೇರೆಯವರ ಬಗ್ಗೆ ಅಯ್ಯೋ ಅನ್ನಿಸಿತು ಎಂದು ನಿರೂಪಕನೇ ಹೇಳುತ್ತಾನೆ. ಆಗ ಆಸ್ಲಾನ್ ಇನ್ನೂ ಅವನ ಮುಂದೆ ಬಂದೇ ಇಲ್ಲ.

ಅದೇ ಅಧ್ಯಾಯದಲ್ಲಿ ಇನ್ನೇನು ನಡೆಯುತ್ತದೆ ಅಂತಲೂ ನೋಡಿ. ಹಿಮ ಕರಗಲು ಶುರುವಾಗುತ್ತದೆ. ಹಿಮಗಾಡಿ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಒಳಗೂ ಹೊರಗೂ ಒಂದೇ ಹೊತ್ತಿಗೆ ಕರಗುವಿಕೆ. ಫ್ಯಾಂಟಸಿಯಲ್ಲಿ ಹವಾಮಾನ ಬರೀ ಹಿನ್ನೆಲೆಯಾಗಿ ಇರುವುದು ಕಡಿಮೆ. ಅದು ಬದಲಾದಾಗ ಯಾವ ಪಾತ್ರ ಬದಲಾಗುತ್ತಿದೆ ಅಂತ ಹುಡುಕಿ.

ಗೆರೆಯ ಕೊನೆಗೆ ಹದಿನೇಳನೇ ಅಧ್ಯಾಯ. ಯುದ್ಧದಲ್ಲಿ ಎಡ್ಮಂಡ್ ಮಾಟಗಾತಿಯ ಮೈಮೇಲೆ ಹೋಗದೆ ಅವಳ ಮಂತ್ರದಂಡವನ್ನು ಮುರಿಯುತ್ತಾನೆ. ಆ ದಂಡ ಎಷ್ಟು ಕೆಟ್ಟದ್ದು ಅಂತ ಹತ್ತಿರದಿಂದ ನೋಡಿದ್ದವನು ನಾಲ್ವರಲ್ಲಿ ಅವನೊಬ್ಬನೇ. ಇದನ್ನು ನಮಗೆ ಹೇಳುವುದು ಪೀಟರ್, ಅವನನ್ನು ಅಷ್ಟು ಬೈದ ಅಣ್ಣ.

ಹಂತ 6: ಕಥೆ ಹೇಳುವವನ ದನಿ ಹಿಡಿಯಿರಿ

ಈ ಪುಸ್ತಕದ ನಿರೂಪಕ ಪಕ್ಕದಲ್ಲಿ ಕೂತು ಕಥೆ ಹೇಳುವ ಹಿರಿಯನ ಹಾಗೆ. "ನೀವು" ಅಂತ ಕರೆಯುತ್ತಾನೆ, "ನಾನು" ಅಂತ ನಡುವೆ ಬರುತ್ತಾನೆ. ಅವನು ಹಾಗೆ ಬರುವ ಜಾಗಗಳಿಗೆಲ್ಲ ಚೀಟಿ ಇಡಿ. ಎಡ್ಮಂಡ್ ಕದ್ದು ಹೋದಾಗ, ಅವನು ತನ್ನವರು ಕಲ್ಲಾಗಲಿ ಅಂತ ಬಯಸುವಷ್ಟು ಕೆಟ್ಟವನು ಅಂದುಕೊಳ್ಳಬೇಡಿ ಅಂತ ನಮಗೆ ಹೇಳುತ್ತಾನೆ. ನಾವು ತೀರ್ಪು ಕೊಡುವ ಮೊದಲೇ ಕೈ ಹಿಡಿದು ತಡೆಯುತ್ತಾನೆ.

ಅವನು ಬೇಕೆಂದೇ ಹೇಳದೆ ಬಿಟ್ಟದ್ದನ್ನೂ ಗುರುತಿಸಿ. ಹದಿಮೂರನೇ ಅಧ್ಯಾಯದಲ್ಲಿ ಆಸ್ಲಾನ್ ಎಡ್ಮಂಡ್ ಜೊತೆ ಒಂಟಿಯಾಗಿ ಮಾತಾಡುತ್ತಾನೆ. ಏನು ಮಾತು ಅಂತ ಹೇಳುವ ಅಗತ್ಯವಿಲ್ಲ, ಬೇರೆ ಯಾರಿಗೂ ಕೇಳಿಸಲೂ ಇಲ್ಲ ಅಂತ ನಿರೂಪಕ ಸುಮ್ಮನಾಗುತ್ತಾನೆ. ಎಲ್ಲದರಲ್ಲೂ ಮೂಗು ತೂರಿಸುವ ಈ ಮಾತುಗಾರ ಇಲ್ಲಿ ಮಾತ್ರ ಬಾಯಿ ಮುಚ್ಚಿದ್ದು ಯಾಕೆ ಅನ್ನುವ ಪ್ರಶ್ನೆಗೆ ನಿಮ್ಮದೇ ಉತ್ತರ ಬರೆಯಿರಿ. ಇಡೀ ಬರಹದ ಒಳ್ಳೆಯ ಪ್ಯಾರಾ ಇದೇ ಆಗಬಹುದು.

"ಲೇಖಕರು ಹೇಳುತ್ತಾರೆ" ಅಂತ ಎಲ್ಲ ಕಡೆ ಬರೆಯಬೇಡಿ. ಪುಸ್ತಕದೊಳಗೆ ಮಾತಾಡುವವನು ನಿರೂಪಕ.

ಹಂತ 7: ಈಗ ನಾಲ್ಕನೇ ಕಾಲಂ

ಇಷ್ಟು ಹೊತ್ತು ಖಾಲಿಯಿದ್ದ ಕಾಲಂ ತುಂಬಲು ಹತ್ತು ನಿಮಿಷ ಸಾಕು. ಬಾಗಿಲಿನ ಮಾತು ಮತ್ತೆ ಮತ್ತೆ ಬರುವುದು ಪುನರಾವರ್ತನೆ. ಮೂರು ಊಟ ವೈದೃಶ್ಯ, ಅಂದರೆ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸುವುದು. ಹಿಮ ಕರಗುವುದು ಸಂಕೇತ. ಮಾತುಕತೆ ಮರೆಮಾಚಿದ್ದು ನಿರೂಪಕನ ಮೌನ. ಬೀರುವಿನ ತುಪ್ಪಳದ ಕೋಟುಗಳು ಮಕ್ಕಳಿಗೆ ದೊಗಳೆಯಾಗಿ ಪಾದದವರೆಗೆ ಇಳಿದು ರಾಜರ ನಿಲುವಂಗಿಯ ಹಾಗೆ ಕಾಣುತ್ತವೆ. ನಾಲ್ವರೂ ಕೊನೆಗೆ ರಾಜ ರಾಣಿಯರಾಗುವುದರಿಂದ ಅದು ಮುನ್ಸೂಚನೆ. ಹೆಸರು ನೆನಪಾಗದಿದ್ದರೆ ಬಿಡಿ. ಏನು ನಡೆಯುತ್ತಿದೆ ಅಂತ ಸರಿಯಾಗಿ ಹೇಳಿದರೆ ಹೆಸರಿಲ್ಲದೆಯೂ ನಡೆಯುತ್ತದೆ. ಹೆಸರು ಹೇಳಿ ವಿವರ ಬಿಟ್ಟರೆ ನಡೆಯುವುದಿಲ್ಲ.

ಹಂತ 8: ಪ್ಯಾರಾ ಕಟ್ಟುವುದು

ಒಂದು ಪ್ಯಾರಾಕ್ಕೆ ಒಂದೇ ವಸ್ತು. ಕೆಟ್ಟ ಮಾದರಿ ಹೀಗಿರುತ್ತದೆ: "ಲೇಖಕರು ಪುನರಾವರ್ತನೆ ತಂತ್ರವನ್ನು ಬಹಳ ಸುಂದರವಾಗಿ ಬಳಸಿದ್ದಾರೆ. ಇದರಿಂದ ಕಾದಂಬರಿ ಮನಮುಟ್ಟುವಂತಿದೆ." ಇದನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು.

ಹೀಗೆ ಮಾಡಿ: "ಬೀರುವಿನ ಬಾಗಿಲು ಮುಚ್ಚಿಕೊಳ್ಳಬಾರದು ಎಂದು ನಿರೂಪಕ ಮೊದಲ ಅಧ್ಯಾಯದಿಂದಲೇ ಹೇಳುತ್ತಾ ಬರುತ್ತಾನೆ. ಲೂಸಿ ಅದನ್ನು ಮರೆಯುವುದಿಲ್ಲ. ಅವಳನ್ನು ರೇಗಿಸುವ ಅವಸರದಲ್ಲಿ ಎಡ್ಮಂಡ್ ಮರೆಯುತ್ತಾನೆ. ಮಾಟಗಾತಿಯನ್ನು ನೋಡುವ ಮೊದಲೇ, ಅವಳ ಮಿಠಾಯಿ ತಿನ್ನುವ ಮೊದಲೇ, ಇವನು ಕೀಟಲೆಗಾಗಿ ತನ್ನ ವಾಪಸು ದಾರಿಯನ್ನೇ ಮುಚ್ಚಿಕೊಳ್ಳುವ ಹುಡುಗ ಎಂದು ನಮಗೆ ತಿಳಿದಿರುತ್ತದೆ. ಪದೇ ಪದೇ ಬಂದ ಆ ಎಚ್ಚರಿಕೆಯಿಂದಲೇ ನಾವು ಅವನನ್ನು ಅಳೆಯುತ್ತೇವೆ."

ಇಂಥ ಪ್ಯಾರಾ ನಾಲ್ಕೋ ಐದೋ ಇದ್ದರೆ ಸಾಕು. ಪುಸ್ತಕದ ಕ್ರಮದಲ್ಲೇ ಜೋಡಿಸಬೇಕು ಅಂತೇನಿಲ್ಲ. ಬಲವಾದದ್ದನ್ನು ಮೊದಲಿಗೆ ಇಡಿ, ಎರಡನೇ ಬಲವಾದದ್ದನ್ನು ಕೊನೆಗೆ.

ಕೆಡುತ್ತಿದೆ ಅನ್ನಲು ಗುರುತುಗಳು

"ಆಮೇಲೆ", "ನಂತರ", "ಆಗ" ಅಂತ ಮೂರು ವಾಕ್ಯ ಸಾಲಾಗಿ ಶುರುವಾದರೆ ಕಥೆ ಹೇಳಲು ಹೊರಟಿದ್ದೀರಿ. ನಿಲ್ಲಿಸಿ.

ಒಂದು ಪ್ಯಾರಾದಲ್ಲಿ ಒಂದೂ ವಸ್ತುವಿನ ಹೆಸರಿಲ್ಲ, ಬರೀ ಪ್ರೀತಿ, ತ್ಯಾಗ, ಸ್ನೇಹ ಇದ್ದರೆ ಅದನ್ನು ಹರಿದು ಮತ್ತೆ ಹಂತ 3ಕ್ಕೆ ಹೋಗಿ.

"ಆಸ್ಲಾನ್ ಎಂದರೆ ಕ್ರಿಸ್ತ" ಅಂತ ಒಂದು ಸಮೀಕರಣ ಬರೆದು ಮುಗಿಸುವುದು ಇನ್ನೊಂದು ಗುಂಡಿ. ಸಂಬಂಧ ಇರುವುದು ನಿಜ. ಆದರೆ ಲೂಯಿಸ್ ಅವರೇ ಇದನ್ನು ಅನ್ಯೋಕ್ತಿ (ಒಂದನ್ನು ಹೇಳುತ್ತಾ ಇನ್ನೊಂದನ್ನು ಸೂಚಿಸುವ ಕಥೆ) ಅಂತ ಒಪ್ಪಲಿಲ್ಲ. ಅಂಥ ಒಂದು ಲೋಕವಿದ್ದು ಅಲ್ಲಿಗೆ ದೇವರ ಮಗ ಸಿಂಹವಾಗಿ ಬಂದಿದ್ದರೆ ಏನಾಗುತ್ತಿತ್ತು ಅನ್ನುವ ಊಹೆ ಇದು ಎಂದರು. ಸಮೀಕರಣ ಬರೆದ ಕೂಡಲೇ ನೀವು ಸಿಂಹವನ್ನು ನೋಡುವುದು ಬಿಡುತ್ತೀರಿ. ಮಾಟಗಾತಿ ಅವನನ್ನು ಕೊಲ್ಲುವ ಮೊದಲು ಅವನ ಕತ್ತಿನ ಕೂದಲು ಕತ್ತರಿಸುವ ದೃಶ್ಯ, ರಾತ್ರಿಯಿಡೀ ಅತ್ತ ಸೂಸನ್ ಮತ್ತು ಲೂಸಿ, ಅವನನ್ನು ಕಟ್ಟಿದ ಹಗ್ಗ ಕಡಿಯುವ ಇಲಿಗಳು, ಎಲ್ಲವೂ ಕೈತಪ್ಪಿ ಹೋಗುತ್ತವೆ. ಬರೆಯಲೇಬೇಕಿದ್ದರೆ ಇಲಿಗಳಿಂದ ಶುರು ಮಾಡಿ.

ಇನ್ನು ಅಭ್ಯಾಸಕ್ಕೆ ಒಂದು ವಸ್ತುವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ: ಲೂಸಿಯ ಕರವಸ್ತ್ರ. ಎರಡನೇ ಅಧ್ಯಾಯದಲ್ಲಿ ಅಳುವ ಟಮ್ನಸ್‌ಗೆ ಅವಳು ಕೊಡುತ್ತಾಳೆ. ಏಳನೆಯದರಲ್ಲಿ ನಂಬಿಕೆಯ ಗುರುತಾಗಿ ಬೀವರ್ ಕೈಯಲ್ಲಿ ಕಾಣುತ್ತದೆ. ಹದಿನಾರನೆಯದರಲ್ಲಿ ಬೆವರು ಒರೆಸಲು ಒಬ್ಬ ದೈತ್ಯ ಕರವಸ್ತ್ರ ಕೇಳಿದಾಗ, ಕೊಡಲು ಮತ್ತೆ ಲೂಸಿಯೇ ಮುಂದಾಗುತ್ತಾಳೆ. ಮೂರು ಸಾಲು ಬರೆದುಕೊಂಡು, ನಾಲ್ಕನೇ ಕಾಲಂ ಮುಚ್ಚಿಟ್ಟು, ಒಂದು ಪ್ಯಾರಾ ಕಟ್ಟಿ ನೋಡಿ.